ಅಮಾಸೆ ಕಳೀಲಿ

ದೊಡ್ಡಪೇಟೆಯ ಸಂದಿಯಲ್ಲಿ ಬೋರ್ಡಿಲ್ಲದ ಅಂಗಡಿ.
ಮೌನೇಶಾಚಾರಿಗೆ ಒಂದೇ ತಕ್ಕಡಿ:
ಬೆಳಿಗ್ಗೆ ತಾಳಿಗುಂಡು,
ಸಂಜೆ ಕೋವಿಯ ಗುಂಡು.
ನಡುವೆ ತಟ್ಟೆ ಒರೆಸಲು
ಹೆಂಡತಿಯ ಹಳೇ ಇಳಕಲ್ ಸೀರೆಯ ತುಂಡು.

ನನಗಾಗ ಹನ್ನೆರಡು.
ಟೈರಂಗಡಿಗಳ ಮುಂದೆ ಬಿದ್ದ ಸೀಸ ಆಯ್ದು ತರುವುದು ನನ್ನ ಕೆಲಸ,
ಸೇರಿಗೆ ಎಂಟಾಣೆ.
ಕರಗಿದ ಸೀಸದ ಮೇಲೆ ಕೆನೆಗಟ್ಟುವ ಕೊಳೆಯನ್ನು
ಸೌಟಿನಲ್ಲಿ ಎತ್ತಿ ಚೆಲ್ಲುತ್ತ
‘ಹಾಲು ಕಾಯ್ಸಿದಂಗೆ ಕಣೋ, ಉಕ್ಕಬಾರದು ಅಷ್ಟೆ’ ಅನ್ನುತ್ತಿದ್ದ.
ಕೆಂಡ ಆರಿ, ಬೂದಿಗೆ ನೀರು ಚಿಮುಕಿಸಿ
ನನ್ನನ್ನು ಕೈ ತೊಳೆಯಲು ಕಳಿಸಿದ ಮೇಲೆಯೇ
ಮದ್ದಿನ ಡಬ್ಬಿಯ ಮುಚ್ಚಳ ತಿರುಗುತ್ತಿದ್ದುದು.

ಬರುವವರು ಬರುತ್ತಿದ್ದರು.
ಶೇಂಗಾ ಹೊಲಕ್ಕೆ ಹಂದಿ ನುಗ್ಗಿಸಿಕೊಂಡ ಓಬಯ್ಯ,
ಮೊಲ ಎಂದು ಹೇಳಿ ಜಿಂಕೆ ನೆನೆಯುವ ಕಂಟ್ರಾಕ್ಟರು,
ಉರಿದ ತೋಟೆಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು,
ಪ್ರಸಾದದ ಹಾಗೆ.

ಒಂದೊಂದನ್ನೂ ಹಾಸುಗಲ್ಲಿನ ಮೇಲೆ ಬಿಟ್ಟು ಕಿವಿಗೊಡುತ್ತಿದ್ದ.
ಠಣ್ ಅಂದರೆ ಇನ್ನೊಂದು ಜನ್ಮ ಉಂಟು.
ಠಪ್ ಅಂದರೆ ಕತ್ತಿನಲ್ಲಿ ಬಿರುಕು, ಗುಜರಿಗೆ.
‘ಒಮ್ಮೆ ಉರಿದ ಹಿತ್ತಾಳೆ ಆ ಕೋವಿಯ ಹೊಟ್ಟೆಯ ಅಚ್ಚು ಹೊತ್ಕೊಂಡು ಬರ್ತೈತೆ.
ಓಬಯ್ಯಂದು ಓಬಯ್ಯನ ಕೋವಿಗೇ. ಬೆರೆಸಬ್ಯಾಡ.’

ಮೊದಲು ಗುಲಗಂಜಿ. ಆಮೇಲೆ ಸಾಸಿವೆ.
‘ಕೋಟೆ ಮೇಲೆ ಮದ್ದು ಬೀಸೋ ಕಲ್ಲು ನೋಡೀಯಲ್ಲ,
ಆನೆ ತಿರುಗಿಸ್ತಿತ್ತಂತೆ ಅದನ್ನ.
ಇಲ್ಲಿ ಉಸಿರು ಬಿಡೋ ಹಂಗಿಲ್ಲ.
ಕೆಮ್ಮಿಗೂ ಮದ್ದು ಅಂತಾರೆ, ಇದಕ್ಕೂ ಮದ್ದು ಅಂತಾರೆ,
ಎರಡಕ್ಕೂ ಅಳತೆ ತಪ್ಪಬಾರದು.’

ತುರುವನೂರಿನ ಕೆಂಚವೀರಮ್ಮ ಬಂದದ್ದು ಒಂದು ಮಟಮಟ ಮಧ್ಯಾಹ್ನ.
ಗಂಡನ ರಿವಾಲ್ವರಿನ ಆರು ಖಾಲಿ ತೋಟೆ, ನಶ್ಯದ ಡಬ್ಬಿಯಲ್ಲಿ.
ತನ್ನ ಹೆಸರಿಗಾದ ಲೈಸೆನ್ಸು ಪುಸ್ತಕವನ್ನೂ ತೆಗೆದಿಟ್ಟಳು,
ಕೇಳುವ ಮೊದಲೇ.
‘ಯಾತಕ್ಕವ್ವಾ?’
‘ನಾಯಿಗೆ.’
‘ನಾಯಿಗೆ ಆರು ಬೇಕಾ?’
‘ಒಂದಾದ್ರೂ ನಡೀತದೆ.’

ತಕ್ಕಡಿಯಲ್ಲಿ ಏನೂ ಇರಲಿಲ್ಲ.
ಆದರೂ ಮುಳ್ಳು ನಿಲ್ಲುವವರೆಗೆ ಆತ ಅದನ್ನೇ ನೋಡಿದ.
‘ಅಮಾಸೆ ಕಳೀಲಿ ತಾಯಿ. ಈಗ ತೇವ, ಮದ್ದು ನಿಲ್ಲಲ್ಲ.’
ಚಿತ್ರದುರ್ಗದಲ್ಲಿ, ಬೇಸಿಗೆಯಲ್ಲಿ, ತೇವ!
ನಗಲು ಬಾಯಿ ತೆರೆದೆ, ಕಾಲು ತುಳಿದ.

ಅಮಾವಾಸ್ಯೆ ಕಳೆಯಿತು, ಬಂದಳು.
ಹುಬ್ಬಳ್ಳಿಯಿಂದ ಕೇಪು ಬಂದಿಲ್ಲ.
ಮುಂದಿನ ಸಲ, ಅಚ್ಚು ಸವೆದಿದೆ.
ಅದರ ಮುಂದಿನ ಸಲ,
ತೋಟೆಗಳನ್ನು ಕಲ್ಲಿಗೂ ಬಿಡದೆ, ಡಬ್ಬಿಯ ಮುಚ್ಚಳವನ್ನೂ ತೆರೆಯದೆ,
‘ಬಿರುಕು ಬಿಟ್ಟಾವೆ, ಬ್ಯಾರೆ ಹುಡುಕಬೇಕು.’
ಪ್ರತಿ ಸಲ ಚಹಾ. ನಾನೇ ತರುತ್ತಿದ್ದೆ, ಒಂದರಲ್ಲಿ ಎರಡು.

ಕಾಯುತ್ತ ಕೂತವಳು ಒಮ್ಮೆ ನನ್ನ ಮಗ್ಗಿ ತಿದ್ದಿದಳು.
ಒಮ್ಮೆ ಸೀಸದ ರಾಶಿಯಿಂದ ಕಬ್ಬಿಣದ ಚೂರು ಆರಿಸಿದಳು.
ಒಮ್ಮೆ, ತಲೆ ಎತ್ತದೆ:
‘ಆಚಾರ್ರೇ, ನಿಮ್ಮ ಎಡದ ತಟ್ಟೆ ವಾಲ್ತದೆ.’
‘ಮೂವತ್ತು ವರ್ಷದ ತಕ್ಕಡಿ ಕಣವ್ವಾ!’
ಸಾಸಿವೆ ಇಟ್ಟು ನೋಡಿದ.
ವಾಲುತ್ತಿತ್ತು, ಸರಿಯಾಗಿ ಒಂದು ಸಾಸಿವೆ.
ಅವತ್ತು ಅಂಗಡಿ ಬೇಗ ಮುಚ್ಚಿದ.
ಯಾರ ತಾಳಿಯಿಂದ ಹೋಯಿತೋ ಆ ಸಾಸಿವೆ,
ಯಾವ ಹಂದಿ ಅದರಿಂದ ಬದುಕಿತೋ.

ಏಳನೆಯ ಸಲ ಆಕೆ ತೋಟೆಯ ಮಾತೆತ್ತಲಿಲ್ಲ.
ಆತನೇ ಕೇಳಿದ: ‘ನಾಯಿ?’
‘ಐತೆ. ರಾತ್ರಿ ಹೊತ್ತು ಬೊಗಳ್ತದೆ.’
ಲೋಟ ಕೆಳಗಿಟ್ಟು ಎದ್ದಳು.
‘ಬರೋ ಅಮಾಸೆಗೆ ಬರ್ಲಾ?’
‘ಕಳೀಲಿ, ಬಾರವ್ವ.’

ನಶ್ಯದ ಡಬ್ಬಿ ಈಗ ನನ್ನ ಹತ್ತಿರ ಇದೆ.
ಮೊನ್ನೆ, ಯಾಕೋ, ಅದೇ ಹಾಸುಗಲ್ಲಿನ ಮೇಲೆ
ಒಂದೊಂದಾಗಿ ಬಿಟ್ಟು ಕೇಳಿದೆ.
ಆರೂ ಠಣ್ ಅಂದವು.